ತೇವ ನೋಡದ ಲಾಟ್‌ಗೆ ಸೊನ್ನೆ ಬರುತ್ತಿದೆ, ಜಾವಾದಲ್ಲಿ ಹೇಗೆ ಸರಿ ಮಾಡೋದು?

ಮಂಡಿ_ಲೆಕ್ಕ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಇಲ್ಲಿನ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಗೆ ಜಾವಾದಲ್ಲಿ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ಮೆಕ್ಕೆಜೋಳ ಬಂದಾಗ ಲಾಟ್ ನಂಬರ್, ಚೀಲ, ತೂಕ ಮೊದಲು ಹಾಕುತ್ತಾರೆ. ತೇವವನ್ನು ಮೀಟರ್‌ನಲ್ಲಿ ನೋಡಿ ಆಮೇಲೆ ತುಂಬುತ್ತಾರೆ. ಸೀಸನ್ನಿನಲ್ಲಿ ಎಷ್ಟೋ ಸಲ ಸಂಜೆವರೆಗೂ ಆ ಜಾಗ ಖಾಲಿಯೇ ಇರುತ್ತದೆ.

ಮೊದಲು ತೇವದ ಫೀಲ್ಡನ್ನು ದೊಡ್ಡ ಡಿ ಇರುವ ಡಬಲ್ (ಖಾಲಿಯೂ ಇರಬಲ್ಲ ಆಬ್ಜೆಕ್ಟ್) ಮಾಡಿದ್ದೆ, ಖಾಲಿ ಇದ್ದರೆ ನಲ್, ಅಂದರೆ ಬೆಲೆಯೇ ಇಲ್ಲ ಅನ್ನುವ ಗುರುತು. ತೇವ 14ಕ್ಕಿಂತ ಜಾಸ್ತಿ ಇದ್ದರೆ ಕಡಿತ ಹಾಕಲು ಹೋಲಿಸುವ ಸಾಲಿಗೆ ಬಂದ ಕೂಡಲೇ ನಲ್ ಪಾಯಿಂಟರ್ ಎಕ್ಸೆಪ್ಷನ್ ಅನ್ನುವ ಎರರ್, ಅದೂ ಕೌಂಟರ್ ಮುಂದೆ ಹತ್ತು ಜನ ನಿಂತಿರುವಾಗ. ಗಾಬರಿಯಲ್ಲಿ ಚಿಕ್ಕ ಡಿ ಡಬಲ್ (ಬರೀ ಸಂಖ್ಯೆ) ಮಾಡಿ, ಡೇಟಾಬೇಸ್‌ನಿಂದ ಬಂದ ಸಾಲುಗಳಿರುವ ರಿಸಲ್ಟ್‌ಸೆಟ್‌ನಿಂದ ಗೆಟ್‌ಡಬಲ್ ಹಾಕಿ ಓದಿಸಿದೆ. ಎರರ್ ಹೋಯಿತು.

ನಿನ್ನೆ ರೈತರೊಬ್ಬರು ಚೀಟಿ ಹಿಡಿದು ಬಂದು, "ತೇವ ಸೊನ್ನೆ ಅಂತ ಐತಲ್ಲಪ್ಪಾ, ನನ್ನ ಮಾಲು ಇನ್ನೂ ಮೀಟರ್‌ಗೇ ಹಾಕಿಲ್ಲ" ಅಂದರು. ಆಗ ಕೂತು ನೋಡಿದೆ. ಅವತ್ತಿನ ಐದು ಲಾಟ್‌ನಲ್ಲಿ ನಾಲ್ಕರ ತೇವ 16, 15, 17, 16. ಐದನೆಯದು ನೋಡಿಲ್ಲ. ನನ್ನ ಪರದೆ ಸರಾಸರಿ 12.8 ತೋರಿಸುತ್ತದೆ, ಡೇಟಾಬೇಸ್‌ನಲ್ಲೇ ನೇರವಾಗಿ ಸರಾಸರಿ ಕೇಳಿದರೆ 16 ಅನ್ನುತ್ತದೆ. ಹಸಿ ಮಾಲು ಒಣಗಿದ ಹಾಗೆ ಕಾಣುತ್ತಿದೆ. ಯಾಕೆ ಹೀಗೆ? ಖಾಲಿ ಇದ್ದರೆ ಮೈನಸ್ 1 ಇಟ್ಟುಬಿಡಲಾ?

ವಿದ್ಯಾನಗರ_ಜಾವಾ

ಮೈನಸ್ 1 ಬೇಡ ತಮ್ಮ. ಅದೂ ಸರಾಸರಿಗೆ ಸೇರಿಕೊಳ್ಳುತ್ತದೆ, ಆಗ 12.6 ಬರುತ್ತದೆ ಅಷ್ಟೇ.

ಸೊನ್ನೆ ಎಲ್ಲಿಂದ ಬಂತು ಅಂದರೆ, ಕಾಲಂನಲ್ಲಿ ನಲ್ ಇದ್ದಾಗ ಗೆಟ್‌ಡಬಲ್ 0 ಕೊಡುತ್ತದೆ. ಜಾವಾ ಡೇಟಾಬೇಸ್ ಜೊತೆ ಮಾತಾಡುವ ಜೆಡಿಬಿಸಿಯ ನಿಯಮವೇ ಹಾಗೆ, ನಿನ್ನ ತಪ್ಪಲ್ಲ. ಚಿಕ್ಕ ಡಿ ಡಬಲ್‌ನಲ್ಲಿ "ಇಲ್ಲ" ಅಂತ ಹೇಳೋದಕ್ಕೆ ಜಾಗವೇ ಇಲ್ಲ ಅಲ್ವಾ, ಅದಕ್ಕೆ ಸೊನ್ನೆ. ಗೆಟ್‌ಡಬಲ್ ಆದ ತಕ್ಷಣ, ಬೇರೆ ಕಾಲಂ ಓದುವ ಮೊದಲೇ, ವಾಸ್‌ನಲ್ ಕೇಳು. ಅದು ಟ್ರೂ ಅಂದರೆ ಆ ಸೊನ್ನೆ ನಿಜವಾದ ಸೊನ್ನೆ ಅಲ್ಲ. ಎಸ್‌ಕ್ಯೂಎಲ್‌ನ ಸರಾಸರಿ ನಲ್ ಇರುವ ಸಾಲುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, 64ನ್ನು ನಾಲ್ಕರಿಂದ ಭಾಗಿಸುತ್ತದೆ. ನಿನ್ನ ಪ್ರೋಗ್ರಾಂ ಐದರಿಂದ ಭಾಗಿಸುತ್ತಿದೆ. ನೋಡಿದ ಲಾಟ್‌ಗಳ ಮಟ್ಟಿಗೆ 16 ಸರಿ, ಆದರೆ ಪಕ್ಕದಲ್ಲಿ "5ರಲ್ಲಿ 4 ನೋಡಿದೆ" ಅಂತಲೂ ತೋರಿಸು.

ಇನ್ನೊಂದು, ನೀನು ಇನ್ನೂ ಜಾವಾ 8ರಲ್ಲಿ ಇದ್ದರೆ 17ಕ್ಕೆ ಬಾ. 2020ರಲ್ಲಿ ಬಂದ ಜಾವಾ 14ರಿಂದ ಆ ಎಕ್ಸೆಪ್ಷನ್ ಬರೀ ಸಾಲಿನ ನಂಬರ್ ಹೇಳಿ ಸುಮ್ಮನಾಗಲ್ಲ, ಯಾವುದು ನಲ್ ಆಗಿತ್ತು ಅಂತಲೂ ಹೇಳಬಲ್ಲದು. 15ರಿಂದ ಅದು ತಾನಾಗಿಯೇ ಆನ್ ಇರುತ್ತದೆ.

ಸಾಫ್ಟ್‌ವೇರ್_ಹರಿಹರ

ಡಬಲ್‌ನಲ್ಲಿ ನ್ಯಾನ್ ("ಇದು ಸಂಖ್ಯೆಯೇ ಅಲ್ಲ" ಅನ್ನುವ ಬೆಲೆ) ಇದೆಯಲ್ಲ, ಅದನ್ನು ಇಟ್ಟರೆ? ಸರಾಸರಿ ಕೂಡ ನ್ಯಾನ್ ಆಗುತ್ತದೆ, ತಪ್ಪು ಕಣ್ಣಿಗೆ ಬೀಳುತ್ತದೆ.

ಕೋಟೆನಾಡು_ಕೋಡ್ (ಚಿತ್ರದುರ್ಗ)

ಸರಾಸರಿಯಲ್ಲಿ ಬೀಳುತ್ತದೆ, ಹೋಲಿಕೆಯಲ್ಲಿ ಬೀಳುವುದಿಲ್ಲ. ನ್ಯಾನ್ 14ಕ್ಕಿಂತ ಜಾಸ್ತಿಯಾ ಅಂತ ಕೇಳಿದರೆ ಫಾಲ್ಸ್ ಬರುತ್ತದೆ. ಅಂದರೆ ತೇವದ ಕಡಿತ ಹಾಕುವ ಇಫ್ ಸದ್ದಿಲ್ಲದೆ ದಾಟಿಹೋಗುತ್ತದೆ, ನೋಡದ ಲಾಟ್‌ಗೆ ಪೂರ್ತಿ ರೇಟು.

ನಾನು ಒಂದಷ್ಟು ದಿನ ಮಳೆ ಲೆಕ್ಕದ ಕೆಲಸ ಮಾಡಿದ್ದೇನೆ. ನಮ್ಮ ಕಡೆ ಮಳೆ ಬಾರದ ದಿನಗಳೇ ಜಾಸ್ತಿ, ಹಾಗಾಗಿ ಸೊನ್ನೆ ಮಿಲಿಮೀಟರ್ ಅನ್ನುವುದು ದೊಡ್ಡ ಸುದ್ದಿ. ಮಳೆ ಮಾಪಕದ ಹತ್ತಿರ ಹೋಗಿ ನೋಡಿ ಒಣಗಿದೆ ಅಂತ ಬರೆಯುವುದು ಬೇರೆ, ಆ ದಿನ ಯಾರೂ ಹೋಗದೇ ಇರುವುದು ಬೇರೆ. ಎರಡನ್ನೂ ಸೊನ್ನೆ ಮಾಡಿದರೆ ಬರದ ಲೆಕ್ಕವೇ ಕೆಡುತ್ತದೆ. ನಿಮ್ಮ ತೇವವೂ ಅದೇ ಜಾತಿ.

ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ನಲ್ ರೆಫರೆನ್ಸ್ ತಂದರು, 2009ರಲ್ಲಿ ಅವರೇ ಅದನ್ನು ತಮ್ಮ ನೂರು ಕೋಟಿ ಡಾಲರ್ ತಪ್ಪು ಅಂತ ಕರೆದರು. ನನಗೆ ಅನ್ನಿಸುವುದು, ಬೆಲೆ ಇಲ್ಲ ಅಂತ ಹೇಳುವುದರಲ್ಲಿ ತಪ್ಪಿಲ್ಲ. ಕಂಪೈಲರ್‌ಗೂ ಗೊತ್ತಾಗದ ಹಾಗೆ ಎಲ್ಲ ಆಬ್ಜೆಕ್ಟ್‌ನಲ್ಲೂ ಅದು ಅಡಗಿ ಕೂರುವುದೇ ತೊಂದರೆ. ಕಾಟ್ಲಿನ್ ಭಾಷೆಯಲ್ಲಿ ಟೈಪಿನ ಕೊನೆಗೆ ಪ್ರಶ್ನೆ ಚಿಹ್ನೆ ಹಾಕದಿದ್ದರೆ ನಲ್ ಇಡಲು ಬಿಡುವುದೇ ಇಲ್ಲ. ಜಾವಾದಲ್ಲಿ ಆ ಕಾವಲು ನಾವೇ ಕಾಯಬೇಕು.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಲಾಟ್ ಕ್ಲಾಸಿನ ಒಳಗೆ ದೊಡ್ಡ ಡಿ ಡಬಲ್ ಇರಲಿ, ಆದರೆ ಪ್ರೈವೇಟ್. ಹೊರಗಿನವರು ತೇವ ಕೇಳಿದರೆ ಆಪ್ಷನಲ್ (ಒಳಗೆ ಬೆಲೆ ಇರಬಹುದು, ಇಲ್ಲದಿರಬಹುದು ಅನ್ನುವ ಡಬ್ಬಿ) ಕೊಡಿ, ಆಗ ಕೇಳಿದವರು "ಇಲ್ಲದಿದ್ದರೆ ಏನು" ಅಂತ ಯೋಚಿಸಲೇಬೇಕಾಗುತ್ತದೆ. ಆದರೆ ಅಲ್ಲಿ ಖಾಲಿ ಇದ್ದರೆ ಬದಲಿ ಬೆಲೆ ಕೊಡುವ ಆರ್‌ಎಲ್ಸ್ ಹಾಕಿ 0 ಕೊಟ್ಟರೆ ಮತ್ತೆ ಹಳೇ ಗುಂಡಿಗೇ ಬಿದ್ದ ಹಾಗೆ. ಇನ್ನೂ ಗಟ್ಟಿ ದಾರಿ ಅಂದರೆ, ತೇವ ನೋಡಿದ ಲಾಟ್‌ಗೆ ಬೇರೆಯೇ ಒಂದು ಕ್ಲಾಸ್ ಮಾಡಿ, ಅದರ ಕನ್‌ಸ್ಟ್ರಕ್ಟರ್ ತೇವ ಇಲ್ಲದೆ ಆಬ್ಜೆಕ್ಟ್ ಹುಟ್ಟಿಸಲೇ ಬಾರದು, ಬಿಲ್ ಮಾಡುವ ಮೆಥಡ್ ಆ ಕ್ಲಾಸನ್ನು ಮಾತ್ರ ತೆಗೆದುಕೊಳ್ಳಲಿ. ಆಗ ನೋಡದ ಲಾಟ್‌ನ ಬಿಲ್ ಕಂಪೈಲೇ ಆಗುವುದಿಲ್ಲ.

ಯಾರಾದರೂ ನಲ್ ಆಬ್ಜೆಕ್ಟ್ ಪ್ಯಾಟರ್ನ್ (ನಲ್ ಬದಲು ಏನೂ ಮಾಡದ ಒಂದು ಆಬ್ಜೆಕ್ಟ್ ಇಡುವುದು) ಹಾಕಿ ಅನ್ನಬಹುದು. ರಿಯಾಯಿತಿ ಇಲ್ಲದ ಗಿರಾಕಿಗೆ "ಸೊನ್ನೆ ರಿಯಾಯಿತಿ" ಆಬ್ಜೆಕ್ಟ್ ಕೊಡುವುದು ಚೆನ್ನಾಗಿದೆ, ಅಲ್ಲಿ ಸೊನ್ನೆ ನಿಜ. ಅಳತೆಗೆ ಮಾತ್ರ ಬೇಡ.

ಮಂಡಿ_ಲೆಕ್ಕ (ದಾವಣಗೆರೆ)

ತುಂಬಾ ಥ್ಯಾಂಕ್ಸ್ ಅಣ್ಣ. ಎರಡು ಕ್ಲಾಸ್ ಮಾಡಿದೆ. ಕಂಪೈಲ್ ಮಾಡಿದ ಕೂಡಲೇ ನಾನು ಯೋಚಿಸಿಯೇ ಇರದ ಮೂರು ಕಡೆ ಕೆಂಪು ಗೆರೆ ಬಂತು, ಒಂದು ದಿನದ ಕೊನೆಯ ವರದಿಯಲ್ಲೇ ಇತ್ತು. ಈಗ ಚೀಟಿಯಲ್ಲಿ "ತೇವ ನೋಡಿಲ್ಲ" ಅಂತ ಬರುತ್ತದೆ. ಒಂದು ಸಂಕಟ ಉಳಿದಿದೆ. ಹಳೇ ಲಾಟ್ ತೆರೆದು ತೂಕ ತಿದ್ದಿ ಸೇವ್ ಮಾಡಿದಾಗೆಲ್ಲ ನಲ್ ಇದ್ದ ಜಾಗಕ್ಕೆ ನನ್ನ ಪ್ರೋಗ್ರಾಂ 0 ಬರೆದುಬಿಟ್ಟಿದೆ. ಅವನ್ನು ಹೇಗೆ ಗುರುತಿಸಲಿ?

ವಿದ್ಯಾನಗರ_ಜಾವಾ

ನಿನ್ನ ಪುಣ್ಯ, ತೇವ ಸೊನ್ನೆ ಇರುವ ಮೆಕ್ಕೆಜೋಳ ಮಾರ್ಕೆಟ್‌ಗೆ ಬರುವುದಿಲ್ಲ, ಎಷ್ಟು ಒಣಗಿಸಿದರೂ ಕಾಳಿನಲ್ಲಿ ತೇವ ಇದ್ದೇ ಇರುತ್ತದೆ. ಹಾಗಾಗಿ ತೇವದ ಕಾಲಂನಲ್ಲಿ 0 ಇದ್ದ ಸಾಲೆಲ್ಲ ನೋಡದ ಲಾಟೇ. ಮೊದಲು ಬ್ಯಾಕಪ್ ತೆಗೆದುಕೋ, ಆಮೇಲೆ ಅವನ್ನು ನಲ್ ಮಾಡು, 0 ಮತ್ತೆ ಬರೆಯಲು ಆಗದ ಹಾಗೆ ಡೇಟಾಬೇಸ್‌ನಲ್ಲೇ ಕಾಲಂಗೆ ಚೆಕ್ ನಿಯಮ ಹಾಕು. ಕಡಿತದ ಕಾಲಂ ಮಾತ್ರ ಹಾಗೆ ಒಟ್ಟಿಗೆ ಬದಲಿಸಬೇಡ. ಅಲ್ಲಿ ಒಣ ಮಾಲಿನ ಸೊನ್ನೆಯೂ ಇದೆ, ನೋಡದ ಮಾಲಿನ ಸೊನ್ನೆಯೂ ಇದೆ. ತೇವ 0 ಇದ್ದ ಲಾಟ್‌ಗಳ ಪಟ್ಟಿ ಮೊದಲೇ ಪ್ರಿಂಟ್ ತೆಗೆದು, ಅಂಗಡಿಯವರ ಹತ್ತಿರ ಇರುವ ಕಾಗದದ ಚೀಟಿಗಳ ಜೊತೆ ಒಂದೊಂದೇ ಇಟ್ಟು ನೋಡು.