‘ವಾಲ್ಟ್ಸ್ ಫಾರ್ ಡೆಬಿ’ 1961ರ ನೇರ ಮುದ್ರಣ: ತಂತ್ರಾಂಶ ತೋರಿಸುವ ಲಯವೂ ಸ್ಕೇಲೂ ಹೊಂದುತ್ತಿಲ್ಲ

ಪ್ರಶ್ನೆ

ಅಮೆರಿಕದ ಜಾಝ್ ಪಿಯಾನೊ ವಾದಕ ಬಿಲ್ ಎವನ್ಸ್ ಅವರ ಟ್ರಯೊ (ಮೂವರ ತಂಡ) 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ನುಡಿಸಿದ ‘ವಾಲ್ಟ್ಸ್ ಫಾರ್ ಡೆಬಿ’ಯನ್ನು ಕೀಬೋರ್ಡಿನಲ್ಲಿ ಕಲಿಯುತ್ತಿದ್ದೇನೆ. ಪರಿಚಿತರೊಬ್ಬರು ತಮ್ಮ ಎಲ್‌ಪಿ ತಟ್ಟೆಯಿಂದ ಕಂಪ್ಯೂಟರಿಗೆ ಇಳಿಸಿಕೊಟ್ಟ ಫೈಲು ನನ್ನಲ್ಲಿದೆ. ಸ್ಕೇಲು, ಲಯಗಳನ್ನು ಪತ್ತೆ ಮಾಡುವ ತಂತ್ರಾಂಶವು ಸ್ಕೇಲನ್ನು ಒಮ್ಮೆ ಡಿ ಮೈನರ್ ಎಂದೂ ಇನ್ನೊಮ್ಮೆ ಎಫ್ ಮೇಜರ್ ಎಂದೂ ತೋರಿಸುತ್ತದೆ. ಅದು ಕೊಟ್ಟ ಬಿಪಿಎಂಗೆ (ನಿಮಿಷಕ್ಕೆ ಇಷ್ಟು ಪೆಟ್ಟು ಎಂಬ ಲೆಕ್ಕ) ಮೆಟ್ರೊನೋಮ್ ಇಟ್ಟರೆ ಆರಂಭದಲ್ಲೇ ತಾಳ ತಪ್ಪುತ್ತದೆ. ಇದಲ್ಲದೆ, ಯಾವ ಸ್ಕೇಲು ಹಿಡಿದರೂ ಮುದ್ರಣದ ಶ್ರುತಿ ನನ್ನ ಕೀಬೋರ್ಡಿಗಿಂತ ತುಸು ಏರಿಯೇ ಇರುತ್ತದೆ. ಟ್ಯೂನರ್ ಸುಮಾರು 35 ಸೆಂಟ್ (ಅರ್ಧ ಸ್ವರದ ನೂರನೆಯ ಒಂದು ಭಾಗವೇ ಸೆಂಟ್) ಹೆಚ್ಚು ತೋರಿಸುತ್ತದೆ.

ಉತ್ತರ

ಇವು ಮೂರು ಬೇರೆ ಬೇರೆ ತೊಂದರೆಗಳಾದ್ದರಿಂದ ಒಂದೇ ಮದ್ದು ಸಾಲದು. ಸ್ಕೇಲು ಎಫ್ ಮೇಜರ್ ಎಂಬುದರಲ್ಲಿ ಅನುಮಾನ ಬೇಡ. ಹಾರ್ಮೋನಿಯಂ ಬಲ್ಲವರ ಮಾತಿನಲ್ಲಿ ಬಿಳಿ ನಾಲ್ಕು. ಡಿ ಮೈನರಿಗೂ ಅದೇ ಏಳು ಸ್ವರಗಳಿರುವುದರಿಂದ, ಸ್ವರಗಳನ್ನು ಎಣಿಸಿ ತೀರ್ಪು ಕೊಡುವ ತಂತ್ರಾಂಶಕ್ಕೆ ಷಡ್ಜ ಯಾವುದೆಂಬ ಅರಿವು ಇರುವುದಿಲ್ಲ. ಶಂಕರಾಭರಣದ ಧೈವತವನ್ನು ಷಡ್ಜ ಮಾಡಿಕೊಂಡು ಗ್ರಹಭೇದ ಮಾಡಿದರೆ ನಠಭೈರವಿ ಬರುವಂತೆಯೇ ಇದು. ಸಾಲದ್ದಕ್ಕೆ, ಕೃತಿಯ ಮೊದಲ ಎಫ್ ಕಾರ್ಡಿನಲ್ಲಿ ತಳದ ಸ್ವರ ಎಫ್ ಅಲ್ಲ, ಎ. ಹಾಗಾಗಿ ತಳವನ್ನು ನಂಬಿದರೂ ಮೋಸವೇ.

ಲಯದ ವಿಷಯ ಇನ್ನೂ ಸೂಕ್ಷ್ಮವಾದುದು. ಆರಂಭದಲ್ಲಿ ಪಿಯಾನೊ ಮತ್ತು ಸ್ಕಾಟ್ ಲಾಫಾರೊ ಅವರ ಬಾಸ್ ಮಾತ್ರ ಮೂರೆಣಿಕೆಯಲ್ಲಿ, ಉಸಿರಾಡಲು ಎಡೆ ಬಿಟ್ಟುಕೊಂಡು ಸಾಗುತ್ತವೆ. ಅನಂತರ ಪಾಲ್ ಮೋಷನ್ ಅವರ ಡ್ರಮ್ಸ್ ಸೇರಿಕೊಂಡು ಇಡೀ ನಡಿಗೆಯೇ ನಾಲ್ಕೆಣಿಕೆಗೆ ಹೊರಳುತ್ತದೆ. ಇಡೀ ಫೈಲಿಗೆ ಒಂದೇ ಸಂಖ್ಯೆ ಹುಡುಕುವ ತಂತ್ರಾಂಶ ಇಲ್ಲಿ ಸೋಲುವುದು ಸಹಜ. ಮೇಲಾಗಿ ಲಾಫಾರೊ ಪ್ರತಿ ಪೆಟ್ಟನ್ನೂ ಎಣಿಸಿ ಕೊಡುವ ಬಾಸ್ ವಾದಕರಲ್ಲ, ಪಿಯಾನೊ ಜೊತೆ ಮಾತಿಗೆ ಮಾತು ಕೊಡುವವರು. (ಈ ಮುದ್ರಣವಾದ ಹನ್ನೊಂದೇ ದಿನಕ್ಕೆ ಅವರು ಅಪಘಾತದಲ್ಲಿ ತೀರಿಕೊಂಡರು.) ಫೈಲನ್ನು ಡ್ರಮ್ಸ್ ಬರುವಲ್ಲಿ ಎರಡಾಗಿ ಕತ್ತರಿಸಿ, ಎರಡನೆಯ ತುಂಡಿನಲ್ಲಿ ಕೈತಾಳ ಹಾಕುತ್ತ 15 ಸೆಕೆಂಡಿನ ಪೆಟ್ಟುಗಳನ್ನು ನಾಲ್ಕರಿಂದ ಗುಣಿಸಿ, ಬೇರೆ ಬೇರೆ ಕಡೆ ಮೂರು ಸಲ ಹೀಗೆ ಮಾಡಿದರೆ ಸಿಗುವ ಸಂಖ್ಯೆ ಯಾವ ತಂತ್ರಾಂಶದ್ದಕ್ಕಿಂತಲೂ ಮೇಲು. ಮೊದಲ ತುಂಡಿಗೆ ಮೆಟ್ರೊನೋಮ್ ಹಾಕುವ ಗೋಜಿಗೇ ಹೋಗಬೇಡಿ.

ಇನ್ನು ಆ 35 ಸೆಂಟ್. ಕ್ಲಬ್ಬಿನ ಪಿಯಾನೊ ಶ್ರುತಿಯೇ ಹಾಗಿತ್ತೋ, ಅಥವಾ ತಟ್ಟೆ ವೇಗವಾಗಿ ತಿರುಗಿತೋ ಎಂಬುದನ್ನು ಮೊದಲು ತೀರ್ಮಾನಿಸಬೇಕು. 35 ಸೆಂಟ್ ಎಂದರೆ ವೇಗದಲ್ಲಿ ಶೇಕಡಾ 2ರಷ್ಟು ಹೆಚ್ಚಳ. ಏಳು ನಿಮಿಷದ ಈ ವಾದನದಲ್ಲಿ ಅದು ಎಂಟು ಸೆಕೆಂಡಿಗೂ ಮಿಕ್ಕುತ್ತದೆ. ಅಧಿಕೃತ ಸಿಡಿಯ ಅವಧಿಯೊಂದಿಗೆ ನಿಮ್ಮ ಫೈಲನ್ನು ಹೋಲಿಸಿ ನೋಡಿ; ಆದರೆ ಅಂದು ಈ ಕೃತಿಯನ್ನು ಎರಡು ಸಲ ಮುದ್ರಿಸಲಾಗಿದ್ದು, ಮೂಲ ಎಲ್‌ಪಿಯಲ್ಲಿರುವುದು ಎರಡನೆಯದು ಎಂಬುದು ನೆನಪಿರಲಿ. ಸ್ತಬ್ಧ ಜಾಗಗಳಲ್ಲಿ ವಿದ್ಯುತ್ತಿನ ಗುಂಯ್ ಸದ್ದು ಸಿಕ್ಕರೆ ಅದನ್ನೂ ಅಳೆಯಬಹುದು. ಅಮೆರಿಕದ ವಿದ್ಯುತ್ತು 60 ಹರ್ಟ್ಸ್ ಆದ್ದರಿಂದ, ಅಲ್ಲಿನ ಟೇಪಿನಿಂದಲೇ ಬಂದ ಸದ್ದು ನಿಮ್ಮ ಫೈಲಿನಲ್ಲಿ 61.2ರ ಹತ್ತಿರ ಕಂಡರೆ ವೇಗವೇ ಕಾರಣ. 50ರಲ್ಲಿ ಕಂಡರೆ ಅದು ನಮ್ಮ ಊರಿನ ಪ್ಲಗ್ಗಿನದು, ಲೆಕ್ಕಕ್ಕೆ ಹಿಡಿಯಬೇಡಿ.

ಪ್ರಶ್ನೆ ಕೇಳಿದವರು

ಸಿಡಿಗಿಂತ ನನ್ನ ಫೈಲು ಎಂಟು ಸೆಕೆಂಡು ಮೊದಲೇ ಮುಗಿಯುತ್ತಿದೆ. ಹಾಗಾದರೆ ಪಿಚ್ಚನ್ನು 35 ಸೆಂಟ್ ಇಳಿಸಿದರೆ ಸಾಕೇ?

ಉತ್ತರ

ಸಾಲದು. ಪಿಚ್ಚನ್ನಷ್ಟೇ ಇಳಿಸಿದರೆ ಶ್ರುತಿ ಸೇರುತ್ತದೆ, ಲಯ ಮಾತ್ರ ಅವಸರದಲ್ಲೇ ಉಳಿಯುತ್ತದೆ: ನಿಮಿಷಕ್ಕೆ 150 ಎಂದು ಎಣಿಸಿದ್ದು ನಿಜವಾಗಿ 147 ಆಗಿರುತ್ತದೆ. ಪಿಚ್ಚೂ ಅವಧಿಯೂ ಜೊತೆಯಾಗಿ ಬದಲಾಗುವಂಥ ‘ವೇಗ’ದ ಆಯ್ಕೆಯಲ್ಲಿ 98 ಪ್ರತಿಶತ ಕೊಡಿ. ಕೈತಾಳದ ಎಣಿಕೆಯನ್ನು ಆಮೇಲೆ ಮಾಡಿ.

ಪ್ರಶ್ನೆ ಕೇಳಿದವರು

ಹಾಗೆಯೇ ಮಾಡಿದೆ, ಕೀಬೋರ್ಡಿನ ಎಫ್ ಈಗ ಕೂತಿದೆ, ಹಿನ್ನೆಲೆಯ ಗ್ಲಾಸುಗಳ ಸದ್ದೂ ಚುರುಕು ಕಳೆದುಕೊಂಡು ಮೆತ್ತಗಾಗಿದೆ. ಪರಿಚಿತರಿಗೆ ಫೋನು ಮಾಡಿ ಕೇಳಿದಾಗ, ಅವರ ಟರ್ನ್‌ಟೇಬಲ್ಲಿನ ವೇಗದ ಜಾರುಗುಂಡಿ ಸೊನ್ನೆಯಿಂದ ಒಂದು ಗೀಟು ಮೇಲಕ್ಕೆ ಸರಿದಿದ್ದುದು ಗೊತ್ತಾಯಿತು. ಅವರು ಇಳಿಸಿಕೊಟ್ಟಿರುವ ಇನ್ನೂ ಹನ್ನೆರಡು ತಟ್ಟೆಗಳ ಫೈಲುಗಳನ್ನು ಇಂದು ರಾತ್ರಿ ಒಂದೊಂದಾಗಿ ಅಳೆಯಬೇಕಾಗಿದೆ.