ಎಲ್‌ಎಲ್‌ಬಿ ಮುಗಿದದ, ಕೋರ್ಟ್ ಒಲ್ಲೆ. ಎನ್‌ರೋಲ್ ಆಗಬೇಕೋ ಬ್ಯಾಡೋ?

ಕೇಳಿದವರು: ಕಲಬುರಗಿ, ವಯಸ್ಸು 27. ಕರಿಕೋಟು ಬಿಟ್ಟು ಬೇರೆ ದಾರಿ ಹೇಳ್ರಿ.

ಭೀಮಾತೀರ: ಕೋರ್ಟಿಗೆ ಹೋಗದಿದ್ರೂ ಎನ್‌ರೋಲ್ ಆಗ್ರಿ, ಅಂದ್ರ ಬಾರ್ ಕೌನ್ಸಿಲ್‌ನಾಗ ವಕೀಲರಾಗಿ ಹೆಸರು ಬರೆಸ್ರಿ. ಐಬಿಪಿಎಸ್ (ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸೋ ಸಂಸ್ಥೆ) ಕಾನೂನು ಅಧಿಕಾರಿ ಹುದ್ದೆಗೆ ಪದವಿ ಒಂದೇ ಸಾಲಂಗಿಲ್ಲ, ಬಾರ್ ಕೌನ್ಸಿಲ್ ನೋಂದಣಿನೂ ಬೇಕು. ಸಾಮಾನ್ಯ ವರ್ಗಕ್ಕ 30 ವಯಸ್ಸಿಗೆ ಬಾಗಿಲು ಬಂದ್. 2024ರ ಜುಲೈದಾಗ ಸುಪ್ರೀಂ ಕೋರ್ಟ್ ಹೇಳಿದ ಮ್ಯಾಲ ನೋಂದಣಿ ಫೀ 750 ರೂಪಾಯಿ, ಎಸ್‌ಸಿ, ಎಸ್‌ಟಿಗೆ 125, ಸ್ಟಾಂಪ್ ಬೇರೆ. ನಮ್ಮ ಮಂದಿ ಎಡವೋದು ಜಾತಿ ಪತ್ರದಾಗ. ರಾಜ್ಯದ 2ಎ, 3ಬಿ ಪತ್ರ ಐಬಿಪಿಎಸ್‌ನಾಗ ನಡೆಯಂಗಿಲ್ಲ. ಕೇಂದ್ರದ ಒಬಿಸಿ ಪಟ್ಟಿಯಾಗ ಜಾತಿ ಇರಬೇಕು, ಪತ್ರ ಕೇಂದ್ರದ ನಮೂನೆಯಾಗೇ ಇರಬೇಕು, ಕೆನೆಪದರಕ್ಕ ಸೇರಿಲ್ಲ ಅನ್ನೋ ಸಾಲೂ ಬೇಕು.

ತೊಗರಿ ಕಣಜ: ಅರ್ಧಾ ಹೇಳಿ ಬಿಟ್ರಲ್ಲ! ಸಂಬಳದ ನೌಕರಿಗೆ ಸೇರಿದ್ರ ಬಾರ್ ಕೌನ್ಸಿಲ್ ನಿಯಮ 49ರ ಪ್ರಕಾರ ಸನದು (ವಕೀಲಿ ಪರವಾನಗಿ) ಅಮಾನತ್ತಿನಾಗ ಇಡಬೇಕು. 2025ರ ಮೇ 20ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಸಿವಿಲ್ ಜಡ್ಜ್ ಪರೀಕ್ಷೆಗೆ 3 ವರ್ಷದ ವಕೀಲಿ ಬೇಕು. ಜಡ್ಜರ ಹತ್ರ ಲಾ ಕ್ಲರ್ಕ್ ಆಗಿದ್ರ ಆ ಲೆಕ್ಕಕ್ಕ ಬರ್ತದ, ಬ್ಯಾಂಕಿನ ಕುರ್ಚಿ ಬರಂಗಿಲ್ಲ.

ಭೀಮಾತೀರ: ಅವರು ಕೋರ್ಟೇ ಒಲ್ಲೆ ಅಂದಾರ, ನೀವು ಜಡ್ಜ್ ಮಾಡ್ಲಿಕ್ಕೆ ಹೊಂಟೀರಿ!

ಬಿದ್ರಿ: ಇಬ್ಬರೂ ಸುಮ್ಕಿರ್ರಿ. ಮೊದಲ 371(ಜೆ) ಅರ್ಹತಾ ಪತ್ರ ಮಾಡಿಸ್ಕೊಳ್ರಿ, ಕಲ್ಯಾಣ ಕರ್ನಾಟಕದ ಮಂದಿಗೆ ರಾಜ್ಯ ಸರ್ಕಾರಿ ನೌಕರಿಯಾಗ ಮೀಸಲಾತಿ ಸಿಗೋ ಪತ್ರ ಅದು. ನಮ್ಮ ಭಾಗದ ಸ್ಥಳೀಯ ವೃಂದದಾಗ ಗ್ರೂಪ್ ಬಿ 75, ಸಿ 80 ಶೇಕಡಾ ಮೀಸಲು. ಪತ್ರ ಕೊಡೋರು ಎಸಿ (ಸಹಾಯಕ ಆಯುಕ್ತರು) ಆಫೀಸಿನವರು, ತಹಶೀಲ್ದಾರ್ ಅಲ್ಲ. ಎಸ್ಸೆಸ್ಸೆಲ್ಸಿಯಾಗ ಒಂದು ಹೆಸರು, ಆಧಾರ್‌ದಾಗ ಇನ್ನೊಂದು ಇದ್ರ ಕಡತ ವಾಪಸ್. ಅಧಿಸೂಚನೆ ಬಂದ ಮ್ಯಾಲ ಓಡಿದ್ರ ಕೊನೆ ದಿನ ದಾಟ್ತದ.

ಹುಮನಾಬಾದ್ ನಾಕಾ: ಪರೀಕ್ಷೆ ಬಿಟ್ಟು ಬೇರೆ ಬದುಕೇ ಇಲ್ಲೇನ್ರಿ? ಉರ್ದು ಕಲೀರಿ. ಹಳೇ ಹೈದರಾಬಾದ್ ರಾಜ್ಯದ ಕಾಲದ ಉರ್ದು ಭೂದಾಖಲೆ ಖಾಸ್ರಾ, ಸೇತ್ವಾರ್ ಓದೋರು ಕಮ್ಮಿ ಆಗ್ಯಾರ. ಬ್ಯಾಂಕ್ ಸಾಲಕ್ಕ ಜಮೀನು ಯಾರದು ಅಂತ ನೋಡೋ ಟೈಟಲ್ ಹುಡುಕಾಟಕ್ಕ 30 ವರ್ಷದ ಇಸಿ (ಋಣಭಾರ ಪತ್ರ), ಮ್ಯುಟೇಶನ್ (ಖಾತೆ ಬದಲಾವಣೆ), ಪಹಣಿ ಎಲ್ಲಾ ತೆಗೀತಾರ; ಪಹಣಿಯ 9ನೇ ಕಾಲಂನ ಮಾಲೀಕರ ಹೆಸರು ನೋಡಿ ಸರಿ ಅದ ಅಂತಾರ. ಎಸ್‌ಸಿ, ಎಸ್‌ಟಿಗೆ ಮಂಜೂರಾದ ಜಮೀನಿದ್ರ? 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದ ಕ್ರಯ ಶೂನ್ಯ. ಆ ಷರತ್ತು ಇಸಿಯಾಗ ಕಾಣಂಗಿಲ್ಲ, ಮಂಜೂರಾತಿ ಕಡತಾನೇ ತೆಗೆಸಬೇಕು.

ತೊಗರಿ ಕಣಜ: ಟೈಟಲ್ ವರದಿ ವಕೀಲಿ ಅಲ್ಲದೆ ಮತ್ತೇನು?

ಹುಮನಾಬಾದ್ ನಾಕಾ: ಸಹಿ ಬ್ಯಾಂಕಿನ ಪ್ಯಾನೆಲ್ ವಕೀಲರದು, ಹುಡುಕಾಟ, ಅನುವಾದ ನಿಮ್ಮದು.

ಬಿದ್ರಿ: ಖಾಸ್ರಾ, ಸೇತ್ವಾರ್ ಎರಡೂ ಒಂದೇ, ಅದಕ್ಯಾಕ ಇಷ್ಟು ದೊಡ್ಡ ಮಾತು?

ಹುಮನಾಬಾದ್ ನಾಕಾ: ಒಂದೇ ಅಲ್ರೀ! ಸೇತ್ವಾರ್ ಸರ್ವೆ ಮುಗಿದ ಮ್ಯಾಲಿನ ಮೂಲ ದಾಖಲೆ, ಖಾಸ್ರಾದಾಗ ಯಾರು ಉಳತಿದ್ರು ಅನ್ನೋದು ಇರ್ತದ. ಎರಡನ್ನೂ ಒಂದೇ ಅಂತ ಬರೆದ ವರದಿ ಮ್ಯಾಲೇ ದಾವೆ ಬೀಳ್ತಾವ.