ರಾತ್ರಿ ಪಾಳಿಯಲ್ಲಿ ವೆಂಡಿಂಗ್ ಮಷಿನ್‌ನ ತಿಂಡಿಗೆ ಬದಲಾಗಿ ಏನಿಡಬಹುದು?

ಪ್ರಶ್ನೆ: ನಿರ್ವಹಣಾ ವಿಭಾಗದ ನೌಕರ, ಗಿಣಿಗೇರಾ (ಕೊಪ್ಪಳ)

ನಾನು ಕೆಲಸ ಮಾಡುವ ಕಾರ್ಖಾನೆಯ ಕ್ಯಾಂಟೀನ್ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ. ಹತ್ತಕ್ಕೆ ಪಾಳಿಗೆ ಬರುವ ನಮಗೆ ಬೆಳಗಿನ ಆರರವರೆಗೆ ಸಿಗುವುದು ಗೇಟಿನ ಬಳಿಯ ವೆಂಡಿಂಗ್ ಮಷಿನ್‌ನಲ್ಲಿರುವ ಚಿಪ್ಸ್, ಕ್ರೀಮ್ ಬಿಸ್ಕತ್ತು ಮತ್ತು ತಂಪು ಪಾನೀಯಗಳು ಮಾತ್ರ. ಮನೆಯಿಂದ ತಂದ ಬುತ್ತಿ ಹನ್ನೆರಡಕ್ಕೇ ಮುಗಿಯುತ್ತದೆ; ಮೂರರ ಹೊತ್ತಿಗೆ ಹಸಿವೂ ನಿದ್ದೆಯೂ ಒಟ್ಟಿಗೆ ಬಂದಾಗ ಎಲ್ಲರೂ ಮಷಿನ್‌ನ ಮುಂದೆ ನಿಲ್ಲುತ್ತೇವೆ. ಈ ಸಲದ ಆರೋಗ್ಯ ತಪಾಸಣೆಯಲ್ಲಿ ನಮ್ಮ ಹನ್ನೆರಡು ಜನರ ತಂಡದಲ್ಲಿ ನಾಲ್ವರಿಗೆ ಸಕ್ಕರೆ ಅಂಶ ಹೆಚ್ಚಿರುವುದು ಕಂಡುಬಂತು. ಅವರಲ್ಲೊಬ್ಬರಿಗೆ ಇನ್ನೂ 31 ವರ್ಷ, ಅದು ನನ್ನನ್ನು ಬಹಳ ಕಾಡುತ್ತಿದೆ. ತಂಡದ ಅರ್ಧದಷ್ಟು ಜನ ಗುತ್ತಿಗೆ ಕಾರ್ಮಿಕರಾದ್ದರಿಂದ ಬಾದಾಮಿ, ಓಟ್ಸ್‌ನಂತಹ ಸಲಹೆಗಳು ನಮಗೆ ನಿಲುಕುವುದಿಲ್ಲ. ಫ್ರಿಜ್ಜಾಗಲಿ ಒಲೆಯಾಗಲಿ ನಮ್ಮಲ್ಲಿಲ್ಲ. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ಜೀನ್ಸ್ ಹೊಲಿಗೆ ಘಟಕದ ಮೇಲ್ವಿಚಾರಕಿ, ಬಳ್ಳಾರಿ

ನಾವು ಇದನ್ನು ಮಾಡಿ ನೋಡಿದ್ದೇವೆ, ಮೊದಲ ಸಲ ಸೋತಿದ್ದೇವೆ ಕೂಡ. ಮೊಳಕೆ ಹೆಸರುಕಾಳಿನ ಕೋಸಂಬರಿಯಿಂದ ಆರಂಭಿಸಿದ್ದೇ ತಪ್ಪಾಯಿತು. ಏಪ್ರಿಲ್ ತಿಂಗಳ ಬಳ್ಳಾರಿಯ ಸೆಕೆಯಲ್ಲಿ ಅದು ಮಧ್ಯಾಹ್ನದೊಳಗೆ ಹುಳಿಯಾಯಿತು, ಒಂದು ಸಲ ಹಾಗಾದ ಮೇಲೆ ಯಾರೂ ಡಬ್ಬಿಯ ಕಡೆ ತಿರುಗಿ ನೋಡಲಿಲ್ಲ. ಫ್ರಿಜ್ ಇಲ್ಲದ ಕಡೆ ನೀರಿನಂಶವಿಲ್ಲದ ತಿಂಡಿಯನ್ನೇ ಆರಿಸಬೇಕೆಂಬುದು ಆಗ ನಮಗೆ ಅರ್ಥವಾಯಿತು.

ಈಗ ಹುರಿದ ಶೇಂಗಾ ಮತ್ತು ಪುಟಾಣಿಯನ್ನು ಸಮನಾಗಿ ಬೆರೆಸಿ, ತಲಾ ಒಂದು ಹಿಡಿಯಷ್ಟು ಪೊಟ್ಟಣ ಕಟ್ಟಿ, ಗಾಳಿಯಾಡದ ಡಬ್ಬಿಯಲ್ಲಿ ಇಡುತ್ತೇವೆ. ಅದರ ಜೊತೆಗೆ ಎಳ್ಳು ಹಚ್ಚಿದ ಕಡಕ್ ಸಜ್ಜೆ ರೊಟ್ಟಿ ಮತ್ತು ಶೇಂಗಾ ಚಟ್ನಿ ಪುಡಿ ಇರುತ್ತವೆ. ನಮ್ಮ ಓಣಿಯ ಮಹಿಳಾ ಸಂಘದವರು ವಾರಕ್ಕೊಮ್ಮೆ ರೊಟ್ಟಿ ಕೊಡುತ್ತಾರೆ. ನಮ್ಮ ಭಾಗದವರಿಗೆ ಇದರ ರುಚಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಿಸ್ಕತ್ತು ಬಿಟ್ಟು ಇದಕ್ಕೆ ಬರಲು ಅದೇ ದೊಡ್ಡ ಕಾರಣ. ಶೇಂಗಾವನ್ನು ಮಾತ್ರ ಹದಿನೈದು ದಿನಕ್ಕಾಗುವಷ್ಟೇ ಕೊಳ್ಳಿ, ಬೇಸಿಗೆಯಲ್ಲಿ ಬೇಗ ಕಮಟು ವಾಸನೆ ಹಿಡಿಯುತ್ತದೆ. ಬೂಸ್ಟು ಹಿಡಿದ ಅಥವಾ ಕಹಿಯಾದ ಕಾಳುಗಳನ್ನು ಆರಿಸಿ ಎಸೆಯಿರಿ.

ಉತ್ತರ 2: ಆಹಾರ ತಜ್ಞೆ, ರಾಯಚೂರು

ಮೇಡಂ ಹೇಳಿದ ಮಿಶ್ರಣ ಪೋಷಣೆಯ ದೃಷ್ಟಿಯಿಂದಲೂ ಸರಿಯಾದದ್ದು. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ, ಪುಟಾಣಿಯಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇರುವುದರಿಂದ ಹಸಿವು ಬೇಗ ಮರುಕಳಿಸುವುದಿಲ್ಲ. ಆದರೆ ಶೇಂಗಾದಲ್ಲಿ ಎಣ್ಣೆಯಂಶವೂ ಹೆಚ್ಚು, ಒಂದು ಹಿಡಿ ಸಾಕು.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಮಂಡಾಳು (ಮಂಡಕ್ಕಿ) ಹಗುರವೆಂದು ಹಲವರು ಅದನ್ನೇ ಆರೋಗ್ಯಕರವೆಂದು ಭಾವಿಸುತ್ತಾರೆ. ಬರೀ ಮಂಡಾಳು ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ತಿನ್ನಲೇಬೇಕೆಂದರೆ ಶೇಂಗಾ, ಪುಟಾಣಿ, ಈರುಳ್ಳಿ ಧಾರಾಳವಾಗಿರಲಿ, ಮಂಡಾಳು ಕಡಿಮೆಯಿರಲಿ. ಸಕ್ಕರೆ ಕಾಯಿಲೆ ಇರುವವರ ಪೊಟ್ಟಣಕ್ಕೆ ಬೆಲ್ಲವೂ ಬೇಡ, ಸಕ್ಕರೆಗೆ ಬದಲು ಬೆಲ್ಲವೆಂಬ ವಿನಾಯಿತಿ ಅವರಿಗಿಲ್ಲ.

ಆದರೂ ಒಂದನ್ನೇ ಬಿಡಿಸಲು ಸಾಧ್ಯವಾದರೆ ತಂಪು ಪಾನೀಯವನ್ನು ಬಿಡಿಸಿ. ಸಾಮಾನ್ಯ ಕೋಲಾದ 250 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 26 ಗ್ರಾಂ ಸಕ್ಕರೆ ಇರುತ್ತದೆ. ಇಡೀ ದಿನಕ್ಕೆ ಸುಮಾರು 25 ಗ್ರಾಂಗೆ ಮೀರದಿದ್ದರೆ ಹೆಚ್ಚು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ, ಒಂದೇ ಬಾಟಲಿ ಆ ಲೆಕ್ಕವನ್ನು ಮುಗಿಸಿಬಿಡುತ್ತದೆ. ಬದಲಿಗೆ ಮನೆಯಿಂದ ಫ್ಲಾಸ್ಕಿನಲ್ಲಿ ತಂದ ತಣ್ಣನೆಯ ಮಜ್ಜಿಗೆ ಅಥವಾ ಸಕ್ಕರೆ ಹಾಕದ ನಿಂಬೆ ನೀರು ಇರಲಿ. ಸಜ್ಜೆ ರೊಟ್ಟಿ ತಿಂದ ಕೂಡಲೇ ಚಹಾ ಕುಡಿಯಬೇಡಿ, ಅದು ಸಜ್ಜೆಯ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ನಿಂಬೆ ಅದಕ್ಕೆ ನೆರವಾಗುತ್ತದೆ.

ಉತ್ತರ 3: ಕಾರ್ಮಿಕ ಸಂಘದ ಕಾರ್ಯಕರ್ತ, ಸಂಡೂರು

ಡಬ್ಬಿ ಇಡುವುದು ಒಳ್ಳೆಯದು, ಆದರೆ ಹೊಣೆಯನ್ನೆಲ್ಲ ನಿಮ್ಮ ಹೆಗಲಿಗೆ ಹಾಕಿಕೊಳ್ಳಬೇಡಿ. 1948ರ ಕಾರ್ಖಾನೆ ಕಾಯ್ದೆಯ 46ನೇ ಕಲಮಿನಲ್ಲಿ 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕ್ಯಾಂಟೀನ್ ಇರಬೇಕೆಂಬ ನಿಯಮವಿತ್ತು. 2025ರ ನವೆಂಬರ್‌ನಿಂದ ಜಾರಿಗೆ ಬಂದಿರುವ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಆ ಸಂಖ್ಯೆ 100ಕ್ಕೆ ಇಳಿದಿದ್ದು, ಗುತ್ತಿಗೆ ಕಾರ್ಮಿಕರನ್ನೂ ಅದರಲ್ಲಿ ಎಣಿಸಲಾಗುತ್ತದೆ. ಆದ್ದರಿಂದ ರಾತ್ರಿ ಎರಡಕ್ಕೆ ಅರ್ಧ ಗಂಟೆಯಾದರೂ ಕ್ಯಾಂಟೀನ್ ತೆರೆಯಲು ಲಿಖಿತವಾಗಿ ಕೇಳಿ, ಗುತ್ತಿಗೆಯವರ ಸಹಿಯೂ ಅದರಲ್ಲಿರಲಿ. ಮಷಿನ್ ನಡೆಸುವ ಗುತ್ತಿಗೆದಾರನಿಗೆ ಬೇಕಾಗಿರುವುದು ಮಾರಾಟವಾಗುವ, ಕೆಡದ ಸರಕು. ಎರಡು ಸಾಲುಗಳಲ್ಲಿ ಶೇಂಗಾ, ಪುಟಾಣಿಯ ಪೊಟ್ಟಣಗಳನ್ನು ಒಂದು ತಿಂಗಳು ಇಟ್ಟು ನೋಡಲು ಒಪ್ಪಿಸಬಹುದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಮಂಡಾಳಿನ ವಿಷಯ ನನಗೆ ಗೊತ್ತೇ ಇರಲಿಲ್ಲ, ಅದನ್ನೇ ತರಿಸುವ ಆಲೋಚನೆಯಲ್ಲಿದ್ದೆ. ಸೋಮವಾರದ ಪಾಳಿಯಿಂದ ಶೇಂಗಾ, ಪುಟಾಣಿಯ ಎರಡು ಡಬ್ಬಿ ಇಡುತ್ತೇವೆ, ಒಂದರಲ್ಲಿ ಬೆಲ್ಲದ ತುಂಡು ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಕ್ಯಾಂಟೀನ್‌ಗಾಗಿ ಅರ್ಜಿ ಬರೆದಿದ್ದೇನೆ, ಇಲ್ಲಿಯವರೆಗೆ ಒಂಬತ್ತು ಸಹಿಗಳಾಗಿವೆ.